ಪಾಠಶಾಲೆಯಿಂದ ಗಣಕಯಂತ್ರಕ್ಕೆ

ನಮ್ಮ ಶಾಲೆಯಲ್ಲಿ ಕಲಿತು ಹೊರಟ ಹುಡುಗಿಯರಲ್ಲಿ ಬಹುಮಂದಿ ಉಪಾಧ್ಯಾಯಿನಿಯರೂ ದಾದಿಯರೂ ಆಗಿರುವುದು ವಾಚಕರಿಗೆ ತಿಳಿದ ಸಂಗತಿಯಷ್ಟೆ. ಈಚೆಗೆ ಅವರಲ್ಲಿ ಕೆಲವರು ಆ ವೃತ್ತಿಯನ್ನು ಬಿಟ್ಟು ಗಣಕಯಂತ್ರದ ಉದ್ಯೋಗಕ್ಕೆ ಹೋಗಲೆಳಸುತ್ತಾರೆ. ಇದನ್ನು ಕೇಳಿದ ತಂದೆತಾಯಿಗಳು ಎರಡು ಸಂದೇಹಗಳನ್ನು ಎತ್ತುವುದುಂಟು. ಸೇವೆಯ ಕೆಲಸವನ್ನು ತೊರೆಯುವುದು ಸರಿಯೇ ಎಂಬುದೊಂದು. ಇಷ್ಟು ವರುಷ ಮಕ್ಕಳ ಮುಂದೆ ನಿಂತವಳಿಗೆ ಯಂತ್ರದ ವಿದ್ಯೆ ಈಗ ಹತ್ತೀತೇ ಎಂಬುದಿನ್ನೊಂದು. ಮೊದಲನೆಯದನ್ನು ಅವರವರ ಮನಸ್ಸಾಕ್ಷಿಯೇ ತೀರ್ಮಾನಿಸತಕ್ಕದ್ದು. ಎರಡನೆಯದಕ್ಕೆ ಅಮೇರಿಕ ದೇಶದ ಒಬ್ಬ ಉಪಾಧ್ಯಾಯಿನಿಯ ಜೀವಿತವು ತಕ್ಕ ಉತ್ತರವಾಗಿರುವುದರಿಂದ ಅದನ್ನು ಇಲ್ಲಿ ವಿವರಿಸುವೆನು.

ಡೊರೊಥಿ ವಾನ್ ಎಂಬಾಕೆಯು ೧೯೧೦ರಲ್ಲಿ ಹುಟ್ಟಿ, ೧೯೨೯ರಲ್ಲಿ ವಿಲ್ಬರ್‌ಫೋರ್ಸ್ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಪದವಿಯನ್ನು ಹೊಂದಿದಳು. ಈಕೆಯು ನೀಗ್ರೋ ಕುಲದವಳೆಂದು ಆಗಿನವರು ಹೇಳುತ್ತಿದ್ದ ಕಪ್ಪು ಜನಾಂಗಕ್ಕೆ ಸೇರಿದವಳು. ಅಂಥವರಲ್ಲಿ ಓದಿದ ಹೆಂಗಸಿಗೆ ಶಾಲೆಯ ಕೆಲಸದ ಹೊರತು ಬೇರೆ ದಾರಿಯು ವಿರಳವಾಗಿದ್ದುದರಿಂದ, ವರ್ಜೀನಿಯ ಪ್ರಾಂತದ ಫಾರ್ಮ್‌ವಿಲ್ ಊರಿನ ಹೈಸ್ಕೂಲಿನಲ್ಲಿ ಗಣಿತವನ್ನು ಕಲಿಸುತ್ತಿದ್ದಳು. ೧೯೪೧ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಯುದ್ಧಸಾಮಗ್ರಿಯ ಉದ್ಯೋಗಗಳಲ್ಲಿ ವರ್ಣಭೇದವನ್ನು ಮಾಡಕೂಡದೆಂದು ಆಜ್ಞೆ ಹೊರಡಿಸಿದ ತರುವಾಯ, ಹ್ಯಾಂಪ್ಟನ್ ಊರಿನಲ್ಲಿದ್ದ ಲ್ಯಾಂಗ್ಲಿ ವಿಮಾನ ಸಂಶೋಧನಾಲಯದ ಬಾಗಿಲು ಇಂಥವರಿಗೂ ತೆರೆಯಿತು. ೧೯೪೩ರ ದಶಂಬರದಲ್ಲಿ ಆಕೆಯು ಅಲ್ಲಿ ಸೇರಿದಳು. ಆಗ ಆಕೆಯ ವಯಸ್ಸು ಮೂವತ್ತಮೂರು, ಮಕ್ಕಳು ನಾಲ್ವರು. ಅವರನ್ನು ಮನೆಯ ಹಿರಿಯರ ವಶದಲ್ಲಿ ಬಿಟ್ಟು ಹೋಗಬೇಕಾಯಿತು. ಸಂಬಳವು ಶಾಲೆಯಲ್ಲಿ ದೊರೆಯುತ್ತಿದ್ದುದರ ದುಪ್ಪಟ್ಟಿಗೂ ಮಿಕ್ಕಿತ್ತೆಂಬುದು ನಿಜ. ಆದರೆ ಕೆಲಸವು ಯುದ್ಧಕಾಲಕ್ಕೆ ಮಾತ್ರವೆಂದೇ ಎಣಿಕೆಯಿತ್ತು.

ಆ ಕಾಲದಲ್ಲಿ ಕಂಪ್ಯೂಟರ್ ಎಂದರೆ ಯಂತ್ರವಲ್ಲ, ಲೆಕ್ಕ ಮಾಡುವ ವ್ಯಕ್ತಿ. ಗಾಳಿಸುರಂಗದಲ್ಲಿ ವಿಮಾನದ ಮಾದರಿಯನ್ನಿಟ್ಟು ಪರೀಕ್ಷಿಸಿದಾಗ ಅಂಕೆಗಳ ರಾಶಿಯೇ ಹೊರಡುತ್ತಿತ್ತು. ಅವುಗಳಿಂದ ಫಲವನ್ನು ತೆಗೆಯುವ ಸೂತ್ರವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಒಂದೊಂದು ಹೆಜ್ಜೆಗೆ ಒಂದೊಂದು ಅಂಕಣದಂತೆ ದೊಡ್ಡ ಕಾಗದದ ಮೇಲೆ ಗೆರೆಯೆಳೆಯುತ್ತಿದ್ದರು. ಮೊದಲನೆಯ ಅಂಕಣವನ್ನು ಎರಡನೆಯದರಿಂದ ಗುಣಿಸಿ ಮೂರನೆಯದರಲ್ಲಿ ಬರೆ, ಅದರ ವರ್ಗಮೂಲವನ್ನು ನಾಲ್ಕನೆಯದರಲ್ಲಿ ಬರೆ, ಹೀಗೆ. ಮೇಜಿನ ಮೇಲಿನ ಲೆಕ್ಕದ ಯಂತ್ರದಿಂದ ಸ್ತ್ರೀಯರು ಇದನ್ನು ತುಂಬುವರು. ಇನ್ನೊಬ್ಬಳು ತಪ್ಪನ್ನು ನೋಡುವಳು. ಇಡೀ ಲೆಕ್ಕವನ್ನರಿಯದವಳೂ ತನ್ನ ಪಾಲನ್ನು ತಪ್ಪಿಲ್ಲದೆ ಮಾಡುವಂತೆ ಹೆಜ್ಜೆಗಳು ಸ್ಪಷ್ಟವಾಗಿರಬೇಕು. ಭಾಗಾಹಾರವನ್ನು ಎಳೆಯರಿಗೆ ಕಲಿಸಿದ ಉಪಾಧ್ಯಾಯಿನಿಗೆ ಇದಕ್ಕಿಂತ ಪರಿಚಿತವಾದ ಕೆಲಸ ಯಾವುದು? ಎಲ್ಲಿ ಮಗುವು ಎಡವುವುದೆಂಬುದು ಆಕೆಗೆ ಮೊದಲೇ ಗೊತ್ತು.

ಕಪ್ಪು ಸ್ತ್ರೀಯರಿಗೆ ಕೆಲಸದ ಕೋಣೆಯೂ ಬೇರೆ, ಊಟದ ಮೇಜೂ ಬೇರೆಯಾಗಿದ್ದವು. ಆ ಪ್ರತ್ಯೇಕ ವಿಭಾಗಕ್ಕೆ ೧೯೪೯ರಲ್ಲಿ ಡೊರೊಥಿಯೇ ಮುಖ್ಯಸ್ಥೆಯಾದಳು. ಆ ಸಂಸ್ಥೆಯಲ್ಲಿ ಆಕೆಯ ಜನಾಂಗದವರು ಅಂಥ ಪದವಿಗೆ ಬಂದದ್ದು ಅದೇ ಮೊದಲು.

ಅಷ್ಟರಲ್ಲಿ ವಿದ್ಯುತ್ ಗಣಕಯಂತ್ರಗಳು ಬರತೊಡಗಿದವು. ಹತ್ತಾರು ಸ್ತ್ರೀಯರ ದಿನಗಟ್ಟಲೆಯ ಲೆಕ್ಕವು ಬೇಗನೆ ಮುಗಿಯುವುದೆಂದರೆ, ಅವರ ಅನ್ನಕ್ಕೇ ಕುಂದಲ್ಲವೇ? ಆದರೆ ಯಂತ್ರಕ್ಕೂ ಹೆಜ್ಜೆಹೆಜ್ಜೆಯಾಗಿ ಹೇಳಿಕೊಡುವವರು ಬೇಕಿತ್ತು. ಅದಕ್ಕಾಗಿ ಐ.ಬಿ.ಎಂ. ಕಂಪೆನಿಯು ೧೯೫೭ರಲ್ಲಿ ಫೋರ್ಟ್ರಾನ್ ಎಂಬ ಭಾಷೆಯನ್ನು ಹೊರತಂದಿತು. ಅಂಕಣಗಳ ಬದಲು ತೂತು ಹೊಡೆದ ಕಾರ್ಡುಗಳು. ಹೆಜ್ಜೆಗಳು ಮಾತ್ರ ಅವೇ. ಡೊರೊಥಿಯು ಐವತ್ತರ ಸಮೀಪದಲ್ಲಿ ಅದನ್ನು ತಾನಾಗಿ ಕಲಿತದ್ದಲ್ಲದೆ ಜೊತೆಯವರಿಗೂ ಕಲಿಸಿದಳು. ನನ್ನ ಎಣಿಕೆಯಲ್ಲಿ ಆಕೆಯು ಉಪಾಧ್ಯಾಯಿನಿಯ ವೃತ್ತಿಯನ್ನು ಬಿಟ್ಟದ್ದೇ ಇಲ್ಲ.

ಈ ಮಾತು ದಾದಿಯರಿಗೂ ಸಲ್ಲುವುದು. ಗಂಟೆಗಂಟೆಗೆ ನಾಡಿಯನ್ನೂ ಜ್ವರವನ್ನೂ ಬರೆದಿಟ್ಟು, ಒಂದು ಅಂಕೆಯು ಅಳತೆ ತಪ್ಪಿದೊಡನೆ ಎಚ್ಚರಗೊಳ್ಳುವ ಅಭ್ಯಾಸವು ಗಣಕಶಾಲೆಯಲ್ಲಿ ಸುಲಭವಾಗಿ ದೊರೆಯುವುದಲ್ಲ. ಆದರೂ ಇದನ್ನು ಓದಿ ಯಾರೂ ನಾಳೆಯೇ ರಾಜೀನಾಮೆ ಬರೆಯದಿರಲಿ! ಡೊರೊಥಿಗೆ ಗಣಿತದ ಪದವಿಯ ಬುನಾದಿಯಿತ್ತು. ಅದಿಲ್ಲದವರು ಸಂಬಳದ ಕೆಲಸವಿರುವಾಗಲೇ ಸಂಜೆಯ ವೇಳೆಯಲ್ಲಿ ಕಲಿತು ನೋಡುವುದು ಲೇಸು.

ನಷ್ಟವನ್ನೂ ಮರೆಮಾಡಬಾರದು. ೧೯೫೮ರಲ್ಲಿ ಆ ಸಂಸ್ಥೆಯು ನಾಸಾ ಆದಾಗ ಪ್ರತ್ಯೇಕ ವಿಭಾಗವು ರದ್ದಾಯಿತು. ಡೊರೊಥಿಯ ಮುಖ್ಯಸ್ಥೆಯ ಪದವಿಯೂ ಅದರೊಡನೆ ಹೋಯಿತು. ಮುಂದೆ ಸ್ಕೌಟ್ ಎಂಬ ರಾಕೆಟ್ಟಿನ ಲೆಕ್ಕಗಳಲ್ಲಿ ದುಡಿದಳಾದರೂ, ಮತ್ತೊಂದು ಮೇಲ್ವಿಚಾರಣೆಯ ಪದವಿಯನ್ನು ಬಯಸಿದಾಗ ಅದು ಆಕೆಗೆ ದೊರೆಯಲಿಲ್ಲ. ೧೯೭೧ರಲ್ಲಿ ನಿವೃತ್ತಳಾಗಿ ೨೦೦೮ರಲ್ಲಿ ತೀರಿಕೊಂಡಳು.

ಆಕೆಯ ಕೈಕೆಳಗೆ ೧೯೫೧ರಲ್ಲಿ ಸೇರಿದ ಮೇರಿ ಜ್ಯಾಕ್ಸನ್ ಎಂಬವಳೂ ಮೊದಲು ಶಾಲೆಯಲ್ಲಿ ಕಲಿಸಿದವಳೇ. ಇಂಜಿನಿಯರಳಾಗಲು ಬೇಕಾದ ಪಾಠಗಳು ಬಿಳಿಯರ ಹೈಸ್ಕೂಲಿನಲ್ಲಿ ನಡೆಯುತ್ತಿದ್ದವಾದ್ದರಿಂದ, ಅಲ್ಲಿ ಕುಳಿತು ಕೇಳುವುದಕ್ಕೆ ನಗರದವರ ವಿಶೇಷ ಅಪ್ಪಣೆಯನ್ನು ಬೇಡಿ ಪಡೆದಳು; ೧೯೫೮ರಲ್ಲಿ ಇಂಜಿನಿಯರಳಾದಳು. ಸ್ವಾರಸ್ಯವೇನೆಂದರೆ, ಇಪ್ಪತ್ತು ವರುಷಗಳ ಮೇಲೆ, ೧೯೭೯ರಲ್ಲಿ, ಆ ಪದವಿಯನ್ನು ತಾನಾಗಿ ಬಿಟ್ಟು, ಕೆಳದರ್ಜೆಗಿಳಿದು, ಅಲ್ಲಿಯ ಇತರ ಸ್ತ್ರೀಯರ ನೇಮಕ ಬಡತಿಗಳನ್ನು ನೋಡಿಕೊಳ್ಳುವ ಕೆಲಸವನ್ನು ಆರಿಸಿಕೊಂಡಳು. ೧೯೮೫ರಲ್ಲಿ ನಿವೃತ್ತಳಾಗುವ ತನಕ ಅದರಲ್ಲಿಯೇ ಇದ್ದಳು.