ಗಣಕದ ಜರಡಿ

ಹಿಟ್ಟನ್ನು ಜರಡಿ ಹಿಡಿಯುವಾಗ ನಿಯಮ ಒಂದೇ: ಕಣ್ಣಿಗಿಂತ ಸಣ್ಣದು ಕೆಳಗೆ, ದಪ್ಪನೆಯದು ಮೇಲೆ. ಗಣಕದಲ್ಲಿ ಮಾಹಿತಿಯನ್ನು ಜರಡಿ ಹಿಡಿಯುವ ಏರ್ಪಾಡೂ ಉಂಟು. ಅಲ್ಲಿ ನಿಯಮಗಳು ಹಲವಿರಬಹುದು. ಆದರೆ ಅವುಗಳನ್ನು ಜೋಡಿಸುವ ಒಂದು ಸಣ್ಣ ಪದ ತಪ್ಪಿದರೆ ಊರಿಗೆ ಊರೇ ಪಟ್ಟಿಯಿಂದ ಜಾರಿಹೋಗುತ್ತದೆ. ಹೇಗೆಂಬುದನ್ನು ಶಿವಮೊಗ್ಗ ಜಿಲ್ಲೆಯ ನದಿಗಳ ಉದಾಹರಣೆಯಿಂದ ನೋಡೋಣ.

ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ 1995ರಲ್ಲಿ ರಚಿಸಿದ ಜಾವಾಸ್ಕ್ರಿಪ್ಟ್ ಎಂಬ ಗಣಕಭಾಷೆಯಲ್ಲಿ ಸಾಲಾಗಿ ಜೋಡಿಸಿದ ಮಾಹಿತಿಗೆ ‘ಅರೇ’ ಎಂದು ಹೆಸರು. ಸಾಲಿನ ಒಂದೊಂದು ‘ಆಬ್ಜೆಕ್ಟ್’ ಅನ್ನೂ ವಿವರಗಳನ್ನು ಬರೆದಿಟ್ಟ ಚೀಟಿಯೆಂದು ಭಾವಿಸಬಹುದು. ನಮ್ಮ ಸಾಲಿನಲ್ಲಿ ತೀರ್ಥಹಳ್ಳಿ, ಶಿವಮೊಗ್ಗ, ಭದ್ರಾವತಿ, ಕೂಡಲಿ, ಶಿಕಾರಿಪುರ ಎಂಬ ಐದು ಚೀಟಿಗಳಿರಲಿ. ಪ್ರತಿಯೊಂದರಲ್ಲಿಯೂ ಊರಿನ ಹೆಸರು, ಅದು ಯಾವ ನದಿಯ ದಡದಲ್ಲಿದೆ, ಗಾಜನೂರಿನ ತುಂಗಾ ಅಣೆಕಟ್ಟೆಗೋ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಗೋ ಕೆಳಗಿದೆಯೇ ಎಂಬ ವಿವರಗಳಿರಲಿ.

ಇನ್ನು ಜರಡಿಯ ವಿಚಾರ. 2009ರಲ್ಲಿ ಪ್ರಕಟವಾದ ಐದನೆಯ ಆವೃತ್ತಿಯಲ್ಲಿ ‘ಫಿಲ್ಟರ್’ ಎಂಬ ಕ್ರಿಯೆಯು ಈ ಭಾಷೆಯ ಶಿಷ್ಟ ನಿಯಮಗಳಿಗೆ ಸೇರಿತು. ಅದು ಒಂದೊಂದೇ ಚೀಟಿಯನ್ನೆತ್ತಿ ನಾವು ಕೊಟ್ಟ ಷರತ್ತನ್ನು ಪರೀಕ್ಷಿಸುತ್ತದೆ. ಉತ್ತರ ‘ನಿಜ’ವಾದರೆ ಆ ಚೀಟಿಯು ಹೊಸ ಸಾಲಿಗೆ ಸೇರುತ್ತದೆ, ಮೂಲ ಸಾಲು ಇದ್ದಂತೆಯೇ ಇರುತ್ತದೆ.

ಮಳೆಗಾಲದಲ್ಲಿ ಎರಡೂ ಅಣೆಕಟ್ಟೆಗಳಿಂದ ನೀರು ಬಿಡುವ ಸಂದರ್ಭ ಒದಗಿತೆನ್ನೋಣ. ‘ತುಂಗಾ ಮತ್ತು ಭದ್ರಾ ತೀರದ ಊರುಗಳಿಗೆ ಎಚ್ಚರಿಕೆ ಕಳುಹಿಸಿ’ ಎಂದರೆ ಯಾರಿಗಾದರೂ ಅರ್ಥವಾಗುತ್ತದೆ. ಇದನ್ನೇ ಅಕ್ಷರಶಃ ಗಣಕಕ್ಕೆ ಒಪ್ಪಿಸಿ, ಎರಡು ಷರತ್ತುಗಳ ನಡುವೆ ‘ಮತ್ತು’ ಎಂಬುದರ ಚಿಹ್ನೆಯಾದ && ಅನ್ನು ಬರೆದರೆ? ಶಿವಮೊಗ್ಗ ತುಂಗಾತೀರದ್ದು, ಭದ್ರಾತೀರದ್ದಲ್ಲ; ಆದುದರಿಂದ ಹೊರಗೆ. ಭದ್ರಾವತಿ ಭದ್ರಾತೀರದ್ದು, ತುಂಗಾತೀರದ್ದಲ್ಲ, ಅದೂ ಹೊರಗೆ. ಉಳಿಯುವುದು ಎರಡು ನದಿಗಳೂ ಸಂಗಮಿಸುವ ಕೂಡಲಿಯೊಂದೇ! ಪಟ್ಟಿ ಬರಿದಾಗದ ಕಾರಣ ತಪ್ಪು ಕಣ್ಣಿಗೂ ಬೀಳದು. ಎರಡು ನಗರಗಳಿಗೆ ಮಾತ್ರ ಎಚ್ಚರಿಕೆಯೇ ಹೋಗದು.

ಇದರ ಕಾರಣ ಸರಳವಾದುದು. ಮಾತಿನಲ್ಲಿ ನಮ್ಮ ‘ಮತ್ತು’ ಊರುಗಳ ಎರಡು ಗುಂಪುಗಳನ್ನು ಕೂಡಿಸುತ್ತದೆ. ಗಣಕದ && ಕೂಡಿಸುವುದು ಒಂದೇ ಊರಿಗೆ ಹಾಕುವ ಎರಡು ಪ್ರಶ್ನೆಗಳನ್ನು; ಎರಡಕ್ಕೂ ‘ಹೌದು’ ಎಂಬ ಉತ್ತರ ಬರಬೇಕು. ಇಲ್ಲಿ ನಮಗೆ ಬೇಕಾದುದು ‘ಅಥವಾ’. ಅದರ ಚಿಹ್ನೆ ||. ಇಂತಹ ತರ್ಕವನ್ನು ಇಂಗ್ಲೆಂಡಿನ ಗಣಿತಜ್ಞ ಜಾರ್ಜ್ ಬೂಲ್ 1854ರ ತನ್ನ ಗ್ರಂಥದಲ್ಲಿ ಬೀಜಗಣಿತದಂತೆ ವಿವರಿಸಿದ್ದನು.

ಇನ್ನೊಂದು ಷರತ್ತನ್ನು ಸೇರಿಸೋಣ. ತೀರ್ಥಹಳ್ಳಿ ತುಂಗೆಯ ದಡದಲ್ಲಿದ್ದರೂ ಗಾಜನೂರಿಗಿಂತ ಮೇಲ್ಗಡೆ ಇದೆ. ಅಣೆಕಟ್ಟೆಯಿಂದ ಬಿಟ್ಟ ನೀರು ಅಲ್ಲಿಗೆ ಬಾರದು. ಆದುದರಿಂದ ಷರತ್ತನ್ನು ಹೀಗೆ ಬರೆಯಬೇಕು:

(ತುಂಗಾ || ಭದ್ರಾ) && ಕೆಳಗಿದೆ

ಈಗ ಶಿವಮೊಗ್ಗ, ಭದ್ರಾವತಿ, ಕೂಡಲಿ ಈ ಮೂರೇ ದೊರೆಯುತ್ತವೆ. ಆವರಣ ಚಿಹ್ನೆಯನ್ನು ಬಿಟ್ಟರೆ ತೀರ್ಥಹಳ್ಳಿಯೂ ನುಸುಳುತ್ತದೆ. ಏಕೆಂದರೆ ಸಂಕಲನಕ್ಕಿಂತ ಗುಣಾಕಾರ ಮೊದಲು ನಡೆಯುವಂತೆ, ||ಗಿಂತ && ಮೊದಲು ನಡೆಯುತ್ತದೆ. ಆಗ ‘ಕೆಳಗಿದೆ’ ಎಂಬ ಷರತ್ತು ಭದ್ರೆಗೆ ಮಾತ್ರ ಅಂಟಿಕೊಂಡು ತುಂಗೆಯನ್ನು ಬಿಟ್ಟುಬಿಡುತ್ತದೆ.

ವಿದ್ಯಾರ್ಥಿಗಳು ಇಂತಹ ಜರಡಿಯನ್ನು ಬಳಸುವ ಮೊದಲು ಕೆಲವು ಚೀಟಿಗಳನ್ನು ಕೈಯಿಂದಲೇ ಪರೀಕ್ಷಿಸಿ ನೋಡಬೇಕು. ಎರಡೂ ನದಿಗಳಿಗೆ ಸೇರಿದ ಕೂಡಲಿ, ಅಣೆಕಟ್ಟೆಯ ಮೇಲಿರುವ ತೀರ್ಥಹಳ್ಳಿ, ಕುಮುದ್ವತಿಯ ದಡದ ಶಿಕಾರಿಪುರ—ಗಡಿಯಲ್ಲಿ ನಿಂತ ಇಂತಹ ಚೀಟಿಗಳೇ ಜರಡಿಯ ಕಣ್ಣು ಸರಿಯಾಗಿದೆಯೇ ಎಂಬುದನ್ನು ತಿಳಿಸುತ್ತವೆ.