ತಿಗರಿಯ ಮುಂದೆ ಗೃಹಸ್ಥರು

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ನಾವೆಲ್ಲರೂ ಆಡುವೆವು. ಆದರೆ ಆಡುವಾಗ ನಮ್ಮ ಮನಸ್ಸು ದೊಣ್ಣೆಯ ಕಡೆಗೇ ಹೋಗುವುದಲ್ಲದೆ, ಆ ವರುಷದೊಳಗೆ ಏನೇನು ಅಡಗಿದೆಯೆಂದು ವಿಚಾರಿಸುವವರು ವಿರಳ. ಈಚೆಗೆ ಮೈಸೂರು ನಗರದಲ್ಲಿ ಕೆಲವು ಗೃಹಸ್ಥರೂ ಗೃಹಿಣಿಯರೂ ಅದನ್ನು ಸ್ವತಃ ಪರೀಕ್ಷಿಸಲು ಮುಂದಾಗಿರುವರು. ರಜೆಯ ದಿನ ಶುಲ್ಕ ತೆತ್ತು, ವಿದ್ಯುತ್ತಿನ ತಿಗರಿಯ ಮುಂದೆ ಕುಳಿತು, ಮೊಣಕೈವರೆಗೆ ಕೆಸರಾಗಿ, ಕಡೆಗೆ ಒಂದು ಸೊಟ್ಟ ಬಟ್ಟಲನ್ನು ಮನೆಗೆ ತರುವ ಈ ವಿನೋದವನ್ನು ಕಂಡು ಹಿರಿಯರು ನಗುವುದುಂಟು. ನಗಲಿ. ಅಭ್ಯಾಸವೇನೋ ಒಳ್ಳೆಯದೇ. ಅದನ್ನು ಯಾರಿಂದ ಕಲಿಯಬೇಕೆಂಬ ವಿಷಯದಲ್ಲಿ ಮಾತ್ರ ವಾಚಕರೊಡನೆ ಎರಡು ಮಾತು ಆಡಬೇಕಾಗಿದೆ.

ಈ ಕಸುಬು ನಮ್ಮ ಊರಿಗೆ ಹೊಸತಲ್ಲವೆಂಬುದಕ್ಕೆ ಕುಂಬಾರಕೊಪ್ಪಲು, ಕುಂಬಾರಗೇರಿ ಎಂಬ ಹೆಸರುಗಳೇ ಸಾಕ್ಷಿ. ಗೌರೀಗಣೇಶರ ಹಬ್ಬ ಸಮೀಪಿಸಿತೆಂದರೆ ಮಣ್ಣಿನ ಮೂರ್ತಿಗಾಗಿ ಜನರು ಇಂದಿಗೂ ಕುಂಬಾರಗೇರಿಯ ದಾರಿ ಹಿಡಿಯುವರು. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ, ತಿರುಮಕೂಡಲು ನರಸೀಪುರದಲ್ಲಿ 1959-60ರಿಂದ ನಡೆದ ಉತ್ಖನನಗಳಲ್ಲಿ ನವಶಿಲಾಯುಗದ ಬೂದುಬಣ್ಣದ ಮಡಕೆಗಳು ದೊರೆತಿವೆ. ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ವ್ಹೀಲರ್ ಮಹಾಶಯರು ಅಗೆಸಿದಾಗ, ತಳದ ಪದರಗಳಲ್ಲಿ ಕೈಯಿಂದಲೇ ತಿದ್ದಿದ ಮಡಕೆಗಳೂ ಮೇಲಿನ ಪದರಗಳಲ್ಲಿ ತಿಗರಿಯ ಮೇಲೆ ಎದ್ದ ಪಾತ್ರೆಗಳೂ ಕಂಡುಬಂದವು. ಚಕ್ರವಿಲ್ಲದೆಯೂ ಮಡಕೆಯಾದೀತೆಂಬುದನ್ನು ಹೊಸದಾಗಿ ಕಲಿಯುವವರು ನೆನಪಿನಲ್ಲಿಟ್ಟರೆ ಧೈರ್ಯವುಂಟಾಗುವುದು.

ಏಕೆಂದರೆ ಮೊದಲ ದಿನಗಳಲ್ಲಿ ಧೈರ್ಯಗೆಡಿಸುವುದು ಚಕ್ರವೇ. ಮಣ್ಣನ್ನು ಚೆನ್ನಾಗಿ ನಾದಿ, ಒಳಗಿನ ಗಾಳಿಯ ಗುಳ್ಳೆಗಳನ್ನೂ ಹರಳುಗಳನ್ನೂ ತೆಗೆದು, ಮುದ್ದೆಯನ್ನು ಚಕ್ರದ ನಡುವೆ ಬಡಿದು ಕೂರಿಸಿದ ಮಾತ್ರಕ್ಕೆ ಅದು ನಡುವೆ ನಿಲ್ಲುವುದಿಲ್ಲ. ತಿರುಗತೊಡಗಿದೊಡನೆ ಒಂದು ಪಕ್ಕಕ್ಕೆ ತೊನೆಯುತ್ತ ಕೈಯನ್ನೇ ತಳ್ಳುವುದು. ಬಲವುಳ್ಳ ಗಂಡಸರು ಇಲ್ಲಿ ತೋಳಿನಿಂದ ಹೋರಾಡಿ ಸೋಲುವರು. ಮಾಡಬೇಕಾದುದು ಬೇರೆ: ಮೊಣಕೈಯನ್ನು ತೊಡೆಗೆ ಊರಿ, ಅಂಗೈಯನ್ನು ಕದಲಿಸದೆ ಹಿಡಿದು, ಮುದ್ದೆಯೇ ಸುತ್ತಿ ಸುತ್ತಿ ಕೈಗೆ ಒಗ್ಗುವವರೆಗೆ ಕಾಯಬೇಕು. ಮೇಲಕ್ಕೆ ಎಬ್ಬಿಸುವುದು, ಕೆಳಕ್ಕೆ ಒತ್ತುವುದು, ಮತ್ತೆ ಎಬ್ಬಿಸುವುದು. ಒಂದು ಗಳಿಗೆಯಲ್ಲಿ ತೊನೆತವು ನಿಂತು, ಚಕ್ರವು ತಿರುಗುತ್ತಿದ್ದರೂ ಮಣ್ಣು ನಿಶ್ಚಲವಾಗಿರುವಂತೆ ತೋರುವುದು. ಇಷ್ಟನ್ನು ಸಾಧಿಸಲು ವಾರಗಳೇ ಹಿಡಿದಾವು. ಅದಕ್ಕೆ ಮೊದಲೇ ಹೂದಾನಿಗೆ ಕೈಹಾಕುವವರ ಪಾತ್ರೆಯ ಗೋಡೆಯು ಒಂದೆಡೆ ದಪ್ಪ, ಒಂದೆಡೆ ತೆಳುವಾಗಿ ಕುಸಿಯುವುದು.

ಇನ್ನು ಕಲಿಸುವವರ ವಿಷಯ. ಇಂದಿನ ಶಾಲೆಗಳ ಕ್ರಮವು ಬಹುಮಟ್ಟಿಗೆ ಪಶ್ಚಿಮದಿಂದ ಬಂದುದು. 1920ರಲ್ಲಿ ಬರ್ನಾರ್ಡ್ ಲೀಚ್ ಎಂಬ ಆಂಗ್ಲರು ಜಪಾನಿನ ಹಮಾದಾ ಅವರೊಡನೆ ಸೇಂಟ್ ಐವ್ಸ್ ಊರಿನಲ್ಲಿ ಹೂಡಿದ ಕುಲುಮೆಯ ಸಂಪ್ರದಾಯವದು. ನಮ್ಮ ನೆರೆಯ ಪುದುಚೇರಿಯಲ್ಲಿ 1971ರಿಂದ ನಡೆದುಬಂದ ಗೋಲ್ಡನ್ ಬ್ರಿಜ್ ಕುಂಬಾರಶಾಲೆಯಿಂದ ಅನೇಕರು ಈ ವಿದ್ಯೆಯನ್ನು ಪಡೆದಿರುವರು. ಅದು ಶ್ರೇಷ್ಠವಾದ ವಿದ್ಯೆಯೇ ಸರಿ. ಆದರೆ ನಮ್ಮ ಕುಂಬಾರನು ಬಲ್ಲ ಕೆಲವು ಸಂಗತಿಗಳು ಅದರಲ್ಲಿ ದೊರೆಯುವುದು ಅಪೂರ್ವ. ನೆಲದ ಗೂಟದ ಮೇಲೆ ನಿಂತ ಭಾರವಾದ ತಿಗರಿಯನ್ನು ಆತನು ಕೋಲಿನಿಂದ ತಿರುಗಿಸಿ ಬಿಡುವನು; ಆ ವೇಗವು ಇಳಿಯುವುದರೊಳಗೆ ಕೆಲಸ ಮುಗಿಯಬೇಕು. ಆದುದರಿಂದ ಆತನ ಬೆರಳಿಗೆ ವ್ಯರ್ಥ ಚಲನೆಯಿಲ್ಲ. ಒಂದೇ ದೊಡ್ಡ ಮುದ್ದೆಯ ತುದಿಯಿಂದ ಹಣತೆಗಳನ್ನು ಒಂದಾದ ಮೇಲೊಂದು ಎತ್ತಿ ದಾರದಿಂದ ಕೊಯ್ದಿಡುವನು. ನೀರಿನ ಮಡಕೆಯನ್ನಾದರೋ ತಿಗರಿಯ ಮೇಲೆ ಪೂರ್ತಿ ಮಾಡುವುದೇ ಇಲ್ಲ. ದಪ್ಪ ಗೋಡೆಯಾಗಿ ಎತ್ತಿ, ಸ್ವಲ್ಪ ಆರಿದ ಮೇಲೆ ಒಳಗೆ ಗುಂಡುಕಲ್ಲನ್ನು ಆನಿಸಿ, ಹೊರಗೆ ಹಲಗೆಯಿಂದ ತಟ್ಟಿ ತಟ್ಟಿ ಹೊಟ್ಟೆಯನ್ನು ಹಿಗ್ಗಿಸುವನು. ಗುಂಡಗಿನ ತಳದ ಮಡಕೆಯು ಹುಟ್ಟುವುದು ಹೀಗೆ. ಹರಿಹರ ಕವಿಯು ರಗಳೆಯಲ್ಲಿ ಹಾಡಿದ ಶಿವಭಕ್ತ ಕುಂಬಾರ ಗುಂಡಯ್ಯನು ಮಡಕೆಯನ್ನು ತಟ್ಟುವ ನಾದಕ್ಕೇ ಕುಣಿದನೆಂಬ ಕಥೆಯ ಮರ್ಮವು, ಈ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿದವರಿಗೆ ತಾನಾಗಿ ಹೊಳೆಯುವುದು.

ಕುಂಬಾರರ ಎಷ್ಟೋ ಮನೆಗಳಲ್ಲಿ ಮಕ್ಕಳು ತಿಗರಿಯನ್ನು ಮುಟ್ಟುತ್ತಿಲ್ಲ. ಮಣ್ಣು ತೆಗೆಯುತ್ತಿದ್ದ ಕೆರೆಯಂಗಳಗಳು ಬಡಾವಣೆಗಳಾದರೆ, ಅಡಿಗೆಮನೆಗೆ ಲೋಹದ ಪಾತ್ರೆ ಬಂದರೆ, ಅವರನ್ನು ದೂಷಿಸಿ ಫಲವೇನು? ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2018ರಲ್ಲಿ ಆರಂಭಿಸಿದ ಯೋಜನೆಯಿಂದ ವಿದ್ಯುತ್ತಿನ ಚಕ್ರಗಳನ್ನು ಹಂಚಿತು. ಆಯಾಸವು ಕಡಿಮೆಯಾಗುವುದು ನಿಜ, ಗಿರಾಕಿಯನ್ನು ಯಂತ್ರವು ತರಲಾರದು. ಹವ್ಯಾಸಿಗಳು ತಾವು ಕೊಡುವ ಶುಲ್ಕದಲ್ಲಿ ಒಂದು ಪಾಲನ್ನು ಮುದಿ ಕುಂಬಾರನ ಅಂಗಳದಲ್ಲಿ ಕೊಟ್ಟು, ತಟ್ಟುವ ವಿದ್ಯೆಯನ್ನು ಕಲಿಯಲೆಂಬುದೇ ನನ್ನ ಬಿನ್ನಹ. ಅವರನ್ನು ಗುರುವೆಂದು ಕರೆದು ಅಲ್ಲಿ ಮಡಕೆಯ ಬೆಲೆಗೆ ಚೌಕಾಸಿ ಮಾಡುವುದು ಸಲ್ಲದು.

ಸುಡುವುದರ ಬಗ್ಗೆ ಎರಡು ಎಚ್ಚರಿಕೆಗಳುಂಟು. ಹಸಿ ಪಾತ್ರೆಯನ್ನು ನೆರಳಿನಲ್ಲಿ ನಿಧಾನವಾಗಿ ಪೂರ್ಣ ಆರಿಸದೆ ಆವಿಗೆಗಿಟ್ಟರೆ, ಒಳಗಿನ ನೀರು ಆವಿಯಾಗಿ ಪಾತ್ರೆಯೇ ಸಿಡಿಯುವುದು. ಊರ ಆವಿಗೆಯ ಹದವಾದ ಉರಿಯಲ್ಲಿ ಬೆಂದ ಮಣ್ಣಿನಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುವುವು. ಅವುಗಳಿಂದ ನೀರು ಜಿನುಗಿ ಆರುವುದರಿಂದಲೇ ಮಡಕೆಯ ನೀರು ತಂಪಾಗುವುದು. 1200 ಡಿಗ್ರಿ ಸೆಂಟಿಗ್ರೇಡಿಗೆ ಮೇಲ್ಪಟ್ಟು ಸುಟ್ಟ ಕಲ್ಲುಮಣ್ಣಿನ ಹೂಜಿಯಿಂದ ಆ ತಂಪನ್ನು ನಿರೀಕ್ಷಿಸಬಾರದು. ಇನ್ನೊಂದು, ಹೊಳಪಿನ ಲೇಪದಲ್ಲಿ ಸೀಸವಿದ್ದರೆ ಹುಳಿಯು ಅದನ್ನು ಕರಗಿಸಿಕೊಳ್ಳುವುದರಿಂದ, ಲೇಪದ ಗುಣವನ್ನು ತಿಳಿಯದೆ ಅಂಥ ಪಾತ್ರೆಯಲ್ಲಿ ಮೊಸರನ್ನಾಗಲಿ ಉಪ್ಪಿನಕಾಯಿಯನ್ನಾಗಲಿ ಇಡಲಾಗದು.

ಮೊದಲ ಹತ್ತಿಪ್ಪತ್ತು ಪಾತ್ರೆಗಳನ್ನು ಸುಡುವ ಗೊಡವೆಯೇ ಬೇಡ. ಹಸಿಯಾಗಿರುವಾಗಲೇ ದಾರದಿಂದ ನಡುವೆ ಸೀಳಿ, ಗೋಡೆಯು ಬುಡದಿಂದ ಬಾಯಿಯವರೆಗೆ ಒಂದೇ ದಪ್ಪವಿದೆಯೇ ಎಂದು ನೋಡಿ, ಬಕೆಟ್ಟಿನ ನೀರಿಗೆ ಹಾಕಿರಿ. ನಾಲ್ಕು ದಿನದಲ್ಲಿ ಅದು ಮತ್ತೆ ಮಣ್ಣಾಗುವುದು. ಆ ಕೆಸರನ್ನು ಬಚ್ಚಲಿಗೆ ಚೆಲ್ಲಿದರೆ ಕೊಳವೆಯು ಕಟ್ಟಿಕೊಂಡು ಮನೆಯವರ ಅಸಮಾಧಾನಕ್ಕೆ ಕಾರಣವಾದೀತು. ಬಟ್ಟೆಯ ಮೇಲೆ ಹರಡಿ ಆರಿಸಿದರೆ ಮುಂದಿನ ಭಾನುವಾರದ ಪಾಠಕ್ಕೆ ಒದಗುವುದು.