ಗಾಡಿಯೇ ಮನೆ: ಜಾತ್ರೆ ಆಟದವರು ಸಂಸತ್ತು ಮುಟ್ಟಿದ ಕತೆ

ಜಾತ್ರೇಲಿ ಜೈಂಟ್ ವೀಲ್ ಹತ್ತಿರ್ತೀರಿ. ಜಾತ್ರೆ ಮುಗಿದ ಮೇಲೆ ಅದನ್ನ ಬಿಚ್ಚಿ ಲಾರಿಗೆ ಹೇರೋ ಕುಟುಂಬದ ಮನೆ ಎಲ್ಲಿ ಅಂತ ಯೋಚಿಸಿದ್ದೀರಾ? ಇಂಗ್ಲೆಂಡಿನಲ್ಲಿ ಒಮ್ಮೆ ಇದೇ ದೊಡ್ಡ ಜಗಳವಾಗಿತ್ತು.

ಪ್ಯಾಟ್ ಕಾಲಿನ್ಸ್ ಹುಟ್ಟಿದ್ದು 1859ರಲ್ಲಿ, ಜಾತ್ರೆ ಸುತ್ತೋ ಕುಟುಂಬದಲ್ಲಿ. ಕೈಯಿಂದ ತಿರುಗಿಸ್ತಿದ್ದ ಮರದ ಕುದುರೆಗಳಿಗೆ 1860ರ ದಶಕದಲ್ಲಿ ಉಗಿ ಎಂಜಿನ್ ಬಂತು. ಆಟ ದೊಡ್ಡದಾಯ್ತು, ಬಂಡವಾಳವೂ ಹೆಚ್ಚಾಯ್ತು. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ದುಡಿದರೇನೇ ವ್ಯಾಪಾರ ನಡೀತಿತ್ತು.

1880ರ ದಶಕದಲ್ಲಿ ಜಾರ್ಜ್ ಸ್ಮಿತ್ ಎಂಬ ಸುಧಾರಕರು ಒಂದು ಮಸೂದೆಗಾಗಿ ಪಟ್ಟು ಹಿಡಿದರು. ಗಾಡಿಮನೆಗಳು ನೋಂದಣಿಯಾಗಬೇಕು, ಅಧಿಕಾರಿಗಳು ಒಳಗೆ ಬಂದು ತಪಾಸಣೆ ಮಾಡಬಹುದು ಅನ್ನೋದು ಅದರ ಸಾರ. ಮಕ್ಕಳ ಓದು, ಆರೋಗ್ಯದ ಕಾಳಜಿ ಅವರದು. ಆದರೆ ಆಟದವರಿಗೆ ಬದುಕೇ ಹೋಗುತ್ತೇನೋ ಅನ್ನೋ ಭಯ. ಪೈಪೋಟಿ ಬದಿಗಿಟ್ಟು 1889ರಲ್ಲಿ ಸಂಘ ಕಟ್ಟಿದರು. ಮಸೂದೆ ಬಿದ್ದುಹೋಯ್ತು.

ಸಂಘ ಮಾತ್ರ ಉಳಿಯಿತು. ಅದೇ ಇವತ್ತಿನ ಶೋಮೆನ್ಸ್ ಗಿಲ್ಡ್. ಒಂದು ಜಾತ್ರೆಯಲ್ಲಿ ವರ್ಷವರ್ಷವೂ ಆಟ ಹಾಕುವ ಕುಟುಂಬಕ್ಕೆ ಆ ಜಾಗದ ಹಕ್ಕನ್ನು ಅದರ ನಿಯಮಗಳು ಕಾಯುತ್ತವೆ. ವ್ಯಾಪಾರ ಅಪ್ಪನಿಂದ ಮಕ್ಕಳಿಗೆ ದಾಟೋಕೆ ಇದೂ ಒಂದು ಕಾರಣ.

ಕಾಲಿನ್ಸ್ ಆ ಸಂಘದ ಅಧ್ಯಕ್ಷರಾದರು. 1922ರಲ್ಲಿ ವಾಲ್ಸಾಲ್ ಊರಿನವರು ಅವರನ್ನ ಸಂಸತ್ತಿಗೇ ಕಳಿಸಿದರು. ಗಾಡಿಮನೆಗಳಿಗೆ ಕಾನೂನು ಬರೆಯೋಕೆ ಹೊರಟಿದ್ದ ಅದೇ ಸಂಸತ್ತಿಗೆ!